ಉಡಿಯ ಕೊಬ್ಬರಿ

ಅವ್ವ ಹೋಗಿ ಮೂರು ವರ್ಷವಾಯಿತು. ಈಗಲೂ ನಾನು ಒಲೆಯ ಮುಂದೆ ಏನಾದರೂ ಹುರಿಯಲು ಕೂತರೆ ಎಡ ಮೊಣಕಾಲನ್ನು ಯಾರೋ ಬೆರಳಿನಿಂದ ಒತ್ತಿದ ಹಾಗಾಗುತ್ತದೆ. ಎರಡು ಸಲ. ನರದ ತೊಂದರೆ ಇರಬೇಕೆಂದು ನನ್ನ ಗಂಡ ಹುಕ್ಕೇರಿಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ಮೊಣಕಾಲಿಗೆ ಸಣ್ಣ ಸುತ್ತಿಗೆಯಿಂದ ಬಡಿದು ನೋಡಿ, ಗುಳಿಗೆ ಬರೆದು, ನೆಲದ ಮೇಲೆ ಕೂರಬೇಡಿ ಎಂದರು. ನಿಂತು ಹುರಿದೆ. ನಿಂತರೂ ಒತ್ತುತ್ತದೆ. ಗುಳಿಗೆಗೆ ಹೋಗುವಂಥದ್ದಲ್ಲ ಅದು ಎಂದು ನನಗೆ ಮೊದಲೇ ಗೊತ್ತಿತ್ತು. ಎರಡು ಸಲ ಒತ್ತಿದರೆ ಏನು ಅರ್ಥವೆಂದು ಈ ಭೂಮಿಯ ಮೇಲೆ ಇಬ್ಬರಿಗೇ ಗೊತ್ತಿದ್ದದ್ದು. ಒಬ್ಬಳು ನಾನು. ಇನ್ನೊಬ್ಬಳು ಅವ್ವ.

ಅದನ್ನು ಹೇಳಬೇಕಾದರೆ ಮಸಾಲೆ ಖಾರದಿಂದ ಶುರುಮಾಡಬೇಕು. ನಮ್ಮ ಕಡೆ ವರ್ಷಕ್ಕೊಮ್ಮೆ, ಬೇಸಿಗೆಯಲ್ಲಿ, ಇಡೀ ವರ್ಷಕ್ಕಾಗುವಷ್ಟು ಖಾರ ಮಾಡಿ ಭರಣಿಗೆ ತುಂಬಿಡುತ್ತಾರೆ. ಬಣ್ಣಕ್ಕೆ ಬ್ಯಾಡಗಿ ಮೆಣಸಿನಕಾಯಿ, ಉರಿಗೆ ಸಂಕೇಶ್ವರಿ. ಕೊತ್ತಂಬರಿ ಬೀಜ, ಜೀರಿಗೆ, ಎಳ್ಳು, ಲವಂಗ, ದಾಲ್ಚಿನ್ನಿ, ಒಣ ಕೊಬ್ಬರಿ, ಉಳ್ಳಾಗಡ್ಡಿ, ಬೆಳ್ಳುಳ್ಳಿ, ಒಂದೊಂದನ್ನೂ ಬೇರೆಬೇರೆ ಎಣ್ಣೆಯಲ್ಲಿ ಹುರಿದು, ಗಿರಣಿಯಲ್ಲಿ ಕುಟ್ಟಿಸಿ, ಕೈಯಿಂದ ಕಲಸಬೇಕು. ಕಲಸಿದ ಮೇಲೆ ಮೂರು ದಿನ ಕೈ ಉರಿಯುತ್ತದೆ. ಅದೇನು ದೊಡ್ಡದಲ್ಲ. ದೊಡ್ಡದು ಹುರಿಯುವ ಹದ. ಒಂದು ಉಸಿರು ಮೊದಲು ಇಳಿಸಿದರೆ ಹಸಿ, ಒಂದು ಉಸಿರು ತಡವಾದರೆ ಕಹಿ. ಕೆಟ್ಟರೆ ಒಂದು ದಿನದ ಊಟ ಕೆಡುವುದಿಲ್ಲ, ವರ್ಷದ ಊಟವೇ ಕೆಡುತ್ತದೆ.

ಆ ಹದಕ್ಕೆ ನಾಗನೂರಿನ ನಮ್ಮ ಓಣಿಯಲ್ಲಿ ಅವ್ವನದೇ ಕೊನೆಯ ಮಾತು. ಬೇಸಿಗೆ ಬಂತೆಂದರೆ ಮನೆಮನೆಯಿಂದ ಕರೆ. "ಅಕ್ಕಾ, ಬರ್ರಿ, ಕೊಬ್ಬರಿ ಹಾಕೇವಿ, ಹದಾ ನೋಡ್ರಿ." ಅವ್ವ ಹಿತ್ತಲ ಬಾಗಿಲಲ್ಲಿ ನಿಂತು, ಬಾಣಲೆಯ ಕಡೆ ನೋಡದೆಯೇ ಒಮ್ಮೆ ಉಸಿರೆಳೆದು, "ಇಳಸ್ರಿ" ಅನ್ನುತ್ತಿದ್ದಳು. ಇಳಿಸುತ್ತಿದ್ದರು. ವರ್ಷದ ಹನ್ನೊಂದು ತಿಂಗಳು ಅಂಗಡಿಗೆ ಹೋಗಲು ಕೂಡ ನನ್ನ ಅಜ್ಜಿಯ, ಅಂದರೆ ತನ್ನ ಅತ್ತೆಯ, ಮುಖ ನೋಡುತ್ತಿದ್ದ ಹೆಂಗಸು ಆ ಒಂದು ತಿಂಗಳು ಯಾರನ್ನೂ ಕೇಳದೆ ಹೊಸ್ತಿಲು ದಾಟುತ್ತಿದ್ದಳು. ಪ್ರತಿ ಮನೆಯಲ್ಲೂ ಮಣೆ ಹಾಕಿ ಕೂರಿಸಿ, ಕುಂಕುಮ ಹಚ್ಚಿ, ಉಡಿ ತುಂಬಿ ಕಳಿಸುತ್ತಿದ್ದರು. ಒಂದು ಹಿಡಿ ಅಕ್ಕಿ, ಎರಡು ಅಡಿಕೆ, ಬೆಲ್ಲದ ಚೂರು, ಒಂದು ಕೊಬ್ಬರಿ ಬಟ್ಟಲು. ಸೆರಗಿನಲ್ಲಿ ಆ ಗಂಟು ಹಿಡಿದು ಬರುವಾಗ ಅವ್ವನ ನಡಿಗೆಯೇ ಬೇರೆ ಇರುತ್ತಿತ್ತು. ಆಕೆ ಅಷ್ಟು ಎತ್ತರ ಇದ್ದಾಳೆಂದು ನನಗೆ ಗೊತ್ತಾಗುತ್ತಿದ್ದದ್ದು ಬೇಸಿಗೆಯಲ್ಲಿ ಮಾತ್ರ.

ನನಗೆ ಹತ್ತು ವರ್ಷವಿದ್ದಾಗ ಅವ್ವ ಮಾಳಿಗೆಯ ಏಣಿಯಿಂದ ಬಿದ್ದಳು. ಒಣಗಿದ ಸಂಡಿಗೆಯ ಮೊರ ಕೈಯಲ್ಲಿತ್ತು. ಅದನ್ನು ಬಿಡದೆ ತಾನು ಬಿದ್ದಳು. ತಲೆಯ ಹಿಂಭಾಗ ಕಟ್ಟೆಗೆ ಬಡಿಯಿತು. ಗೋಕಾಕದ ದವಾಖಾನೆಯಲ್ಲಿ ಮೂರು ದಿನ ಇಟ್ಟುಕೊಂಡು, ಹೊಲಿಗೆ ಹಾಕಿ ಕಳಿಸಿದರು. ಬಂದ ಎರಡನೆಯ ದಿನ ಅವ್ವ ಒಲೆಯ ಮೇಲೆ ಹಾಲಿಟ್ಟು, ಬೆನ್ನು ತಿರುಗಿಸಿ ಜೋಳ ಹಸನು ಮಾಡುತ್ತಿದ್ದಳು. ನಾನು ಪಡಸಾಲೆಯಲ್ಲಿದ್ದೆ. ಹಾಲು ಉಕ್ಕಿ, ಕೆಂಡದ ಮೇಲೆ ಸುರಿದು, ಸೀದ ವಾಸನೆ ಪಡಸಾಲೆಗೂ ಬಂದಿತು. ಒಳಗೆ ಓಡಿದೆ. ಅವ್ವ ಹಾಗೆಯೇ ಜೋಳದ ಕಲ್ಲು ಆರಿಸುತ್ತ ಕೂತಿದ್ದಳು.

"ಅವ್ವಾ, ಹಾಲು!"

ತಿರುಗಿ ನೋಡಿದಳು. ಹಾಲಿನ ಪಾತ್ರೆ ಇಳಿಸಿದಳು, ಮೂಗು ಹತ್ತಿರ ಒಯ್ದಳು. ಆಮೇಲೆ ಇಂಗಿನ ಡಬ್ಬಿ. ಆಮೇಲೆ ಬೆಳ್ಳುಳ್ಳಿ ಜಜ್ಜಿ ಅಂಗೈಯಲ್ಲಿ. ಕೊನೆಗೆ ಮೂಲೆಯಲ್ಲಿದ್ದ ಸೀಮೆಎಣ್ಣೆಯ ಡಬ್ಬಿಯ ಮುಚ್ಚಳ ತೆಗೆದಳು. ನೀರನ್ನು ಮೂಸಿದ ಹಾಗೆ ಮೂಸಿದಳು.

"ಏನೂ ಇಲ್ಲ," ಅಂದಳು. ನನಗಲ್ಲ, ಡಬ್ಬಿಗೆ ಹೇಳಿದ ಹಾಗೆ. ಹಿತ್ತಲಿನಿಂದ ಅಜ್ಜಿ ಕೂಗಿದಳು, "ಏನ ಹೊತ್ತಿಸೀದಿ?" ಅವ್ವ ನನ್ನ ಕೈ ಹಿಡಿದೆಳೆದು ರೊಟ್ಟಿಯ ಬುಟ್ಟಿಯ ಮೇಲಿಟ್ಟಳು. "ಆಣಿ ಮಾಡು. ಯಾರ ಮುಂದೂ ಬಾಯಿ ಬಿಡೂದಿಲ್ಲಂತ. ನಿಮ್ಮಪ್ಪನ ಮುಂದೂ." ಮಾಡಿದೆ. ಅನ್ನ ಮುಟ್ಟಿ ಆಣೆ ಅಂದರೆ ಏನೆಂದು ಹತ್ತು ವರ್ಷದವಳಿಗೆ ಗೊತ್ತಿರುತ್ತದೆ.

ಹೆದರಿಕೆ ಯಾಕೆಂದು ಆಗ ಪೂರ್ತಿ ತಿಳಿದಿರಲಿಲ್ಲ. ಈಗ ತಿಳಿಯುತ್ತದೆ. ಮೂಗು ಹೋದವಳ ಕೈಗೆ ಅಜ್ಜಿ ಒಲೆ ಬಿಡುತ್ತಿರಲಿಲ್ಲ. ಓಣಿಯವರು ಮಣೆ ಹಾಕುತ್ತಿರಲಿಲ್ಲ. ಇದ್ದದ್ದು ಒಂದು ತಿಂಗಳು, ಅದೂ ಹೋಗುತ್ತಿತ್ತು.

ಆಮೇಲೆ ಅವ್ವ ಅಡುಗೆಯನ್ನು ಹೊಸದಾಗಿ ಕಲಿತಳು, ಅದೂ ಯಾರಿಗೂ ಗೊತ್ತಾಗದ ಹಾಗೆ. ಬೆಣ್ಣೆ ಕಾಸುವಾಗ ಕಿವಿ ಕೊಟ್ಟು ಕೂರುತ್ತಿದ್ದಳು. ಚಟಚಟ ನಿಂತು ಒಂದು ಗಳಿಗೆ ಸುಮ್ಮನಾಯಿತೆಂದರೆ ತುಪ್ಪ. ಒಗ್ಗರಣೆಗೆ ಸಾಸಿವೆ ಸಿಡಿಯುವುದನ್ನು ಎಣಿಸುತ್ತಿದ್ದಳು. ಝುಣಕಕ್ಕೆ ಕಡಲೆಹಿಟ್ಟು ಬೆಂದದ್ದು ಸೌಟಿಗೆ ಅಂಟುವುದು ಬಿಟ್ಟಾಗ. ಹೋಳಿಗೆಯ ದಿನ ಕಟ್ಟಿನ ಸಾರು ಕುದ್ದದ್ದು ನೊರೆ ಒಡೆದು ಎಣ್ಣೆ ಕಣ್ಣು ಬಿಟ್ಟಾಗ. ಗುರೆಳ್ಳು, ಅಂದರೆ ಹುಚ್ಚೆಳ್ಳು, ಹುರಿದದ್ದು ಅಂಗೈಯಲ್ಲಿ ತಿಕ್ಕಿದರೆ ಸಪ್ಪಳದಿಂದಲೇ ತಿಳಿಯುತ್ತಿತ್ತು. ನಾನು ಇವತ್ತಿಗೂ ಈ ಅಡುಗೆಗಳನ್ನೆಲ್ಲ ಹೀಗೆಯೇ ಮಾಡುತ್ತೇನೆ, ಕಿವಿಯಿಂದ. ನನ್ನ ಮೂಗು ಗಟ್ಟಿಯಾಗಿದ್ದರೂ. ತಿಂದವರು "ನಿಮ್ಮವ್ವನ ಕೈರುಚಿ ಐತಿ" ಅನ್ನುತ್ತಾರೆ. ನಾನು ಹೌದು ಅನ್ನುತ್ತೇನೆ, ಮತ್ತೇನು ಹೇಳಲಿ?

ಕಿವಿಗೂ ಕಣ್ಣಿಗೂ ಬಗ್ಗದೆ ಉಳಿದದ್ದು ಖಾರ ಒಂದೇ. ಅದಕ್ಕೆ ನಾನು. ಅವ್ವ ಬಾಣಲೆಯ ಮುಂದೆ ಕೂತರೆ ನಾನು ಅಂಟಿ ಕೂರಬೇಕು. ನನ್ನ ಕೈ ಆಕೆಯ ಸೆರಗಿನ ಕೆಳಗೆ, ಮೊಣಕಾಲಿನ ಮೇಲೆ. ಒಂದು ಸಲ ಒತ್ತಿದರೆ ಸಾಕು, ಇಳಿಸು. ಎರಡು ಸಲ ಒತ್ತಿದರೆ ಇನ್ನೂ ಆಗಿಲ್ಲ, ಹುರಿ. ಎಂಟೊಂಬತ್ತು ಬೇಸಿಗೆ ನಾಗನೂರಿನ ಒಂದು ಓಣಿಯ ವರ್ಷದ ಊಟ ನಿಂತಿದ್ದದ್ದು ಲಂಗ ಹಾಕಿಕೊಂಡ ಹುಡುಗಿಯೊಬ್ಬಳ ಬೆರಳ ಮೇಲೆ. "ಎಲ್ಲಿ ಹೋದ್ರೂ ಬಾಲಾ ಜೋಡೀನ ಇರತೈತಿ ನೋಡ್ರಿ" ಎಂದು ಹೆಂಗಸರು ನಗುತ್ತಿದ್ದರು.

ಹುರಿಯುವ ಹಿಂದಿನ ದಿನ ಇನ್ನೊಂದು ಕೆಲಸವಿತ್ತು. ಉಡಿಯಲ್ಲಿ ಬಂದ ಕೊಬ್ಬರಿ ಬಟ್ಟಲುಗಳನ್ನು ನಮ್ಮಲ್ಲಿ ಎಸೆಯುವಂತಿಲ್ಲ, ಮಾರುವಂತಿಲ್ಲ, ಬೇರೆಯವರ ಉಡಿಗೆ ತಿರುಗಿಸಿ ಹಾಕುವಂತಿಲ್ಲ. ಡಬ್ಬಿಯಲ್ಲಿ ಕೂಡಿಬಿದ್ದಿರುತ್ತವೆ. ಎಲ್ಲರೂ ಅವನ್ನು ಖಾರಕ್ಕೇ ಹಾಕುತ್ತಾರೆ. ಅವುಗಳಲ್ಲಿ ಎಷ್ಟೋ ಬಟ್ಟಲು ಮದುವೆ, ಸೀಮಂತ, ಹಬ್ಬ ತಿರುಗಿ ವರ್ಷ ಕಳೆದಂಥವು, ಹಳೆಯ ಎಣ್ಣೆಯ ಕೌಟು ವಾಸನೆ ಹಿಡಿದಂಥವು. ಕಣ್ಣಿಗೆ ಬೆಳ್ಳಗೇ ಕಾಣುತ್ತವೆ. ನಾನು ಒಂದೊಂದನ್ನೇ ಮೂಸಿ, ಕೆಟ್ಟದ್ದನ್ನು ಎಡಕ್ಕೆ, ಒಳ್ಳೆಯದನ್ನು ಬಲಕ್ಕೆ ಇಡುತ್ತಿದ್ದೆ. ಎಡದವನ್ನು ಅವ್ವ ಯಾರೂ ನೋಡದಂತೆ ಆಕಳ ಮುಸುರೆಯ ಬಾನಿಗೆ ಹಾಕುತ್ತಿದ್ದಳು.

ಒಮ್ಮೊಮ್ಮೆ ಅವ್ವ ಸುಮ್ಮನೆ ಕೇಳುತ್ತಿದ್ದಳು. "ಇವತ್ತ ಬೆಳ್ಳುಳ್ಳಿ ಹೆಂಗ ವಾಸನಿ ಬರಾಕತ್ತೈತಿ?" ನಾನು ಬೆಳ್ಳುಳ್ಳಿಯ ಹಾಗೆ ಅನ್ನುತ್ತಿದ್ದೆ. ಇನ್ನೇನು ಹೇಳಬೇಕು? ಆಡಲು ಹೋಗುವ ಅವಸರ ನನಗೆ. ನನ್ನ ಮೊದಲ ಬಾಣಂತನದಲ್ಲಿ ಕೂಸನ್ನು ಎರೆದು ತೊಡೆಯ ಮೇಲೆ ಹಾಕಿಕೊಂಡು, ನೆತ್ತಿಗೆ ಮೂಗು ಹಚ್ಚಿ ಬಹಳ ಹೊತ್ತು ಇದ್ದು, "ಹೆಂಗೈತಿ?" ಎಂದು ಕೇಳಿದಳು. "ಬಿಸಿ ತುಪ್ಪದಂಗ ಐತಿ ಅವ್ವಾ" ಎಂದೆ. ಆಕೆಯ ಕಣ್ಣು ತುಂಬಿದವು. ನಾನು ನಿಜವಾಗಿ ಮನಸ್ಸಿಟ್ಟು ಉತ್ತರ ಕೊಟ್ಟದ್ದು ಅದೊಂದೇ ಸಲ ಎನಿಸುತ್ತದೆ.

ನನ್ನನ್ನು ಹುಕ್ಕೇರಿಯ ಕಡೆ, ಬೆಲ್ಲದ ಬಾಗೇವಾಡಿಗೆ ಕೊಟ್ಟರು. ಹೆಣ್ಣುಮಕ್ಕಳು ಬೇಸಿಗೆಗೆ ತವರಿಗೆ ಬರುವುದು ರೂಢಿಯೇ ಆದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ವರ್ಷವರ್ಷವೂ ಗೋಕಾಕದಲ್ಲಿ ಬಸ್ಸು ಬದಲಿಸಿ, ಮಕ್ಕಳನ್ನು ಕಂಕುಳಲ್ಲಿ ಇಟ್ಟುಕೊಂಡು, ಮೂಸಲು ಹೋಗುತ್ತಿದ್ದೆ. ಮೂಡಲಗಿಯ ಸಂತೆಯಿಂದ ಅವ್ವ ನನಗೆಂದು ಬಳೆ ತಂದಿಟ್ಟಿರುತ್ತಿದ್ದಳು. ಅಜ್ಜಿ ಸತ್ತಳು, ಅಪ್ಪ ಸತ್ತ, ತಮ್ಮನಿಗೆ ಮದುವೆಯಾಗಿ ಮನೆಗೆ ಸೊಸೆ ಬಂದಳು. ಹೆದರಬೇಕಾದವರೆಲ್ಲ ಹೋಗಿದ್ದರು. ಆದರೂ ಅವ್ವ ಆಣೆಯನ್ನು ಬಿಡಿಸಲಿಲ್ಲ, ನಾನೂ ಕೇಳಲಿಲ್ಲ.

ಅವ್ವ ಹೋಗುವ ಎರಡು ವರ್ಷ ಮೊದಲಿನ ಬೇಸಿಗೆಯಲ್ಲಿ, ಓಣಿಯ ಇನ್ನೊಂದು ಮನೆಗೆ ಹೊಸದಾಗಿ ಬಂದ ಸೊಸೆಯೊಬ್ಬಳು, ಚುರುಕು ಕಣ್ಣಿನವಳು, ಉಳ್ಳಾಗಡ್ಡಿ ಹುರಿಯುವಾಗ ನನ್ನನ್ನೇ ನೋಡುತ್ತಿದ್ದಳು. ನಗುನಗುತ್ತಲೇ ಅಂದಳು, "ಅತ್ತಿ, ಹದಾ ನೀವು ನೋಡತೀರೋ, ನಿಮ್ಮ ಮಗಳು ನೋಡತಾಳೋ? ಆಕಿ ಜರಗಿದ ಮ್ಯಾಲೆನ ನೀವು ಇಳಸ್ರಿ ಅಂತೀರಿ."

ನನ್ನ ಕೈಯ ಕೆಳಗೆ ಅವ್ವನ ಮೊಣಕಾಲು ಕಲ್ಲಾಯಿತು. ಆಮೇಲೆ ಜೋರಾಗಿ ನಕ್ಕಳು. "ಈಕಿ? ಈಕಿಗೆ ಮೂಗ ಎಲ್ಲೈತವ್ವಾ? ಮನಿ ಸುಟ್ಟರೂ ವಾಸನಿ ಹತ್ತೂದಿಲ್ಲ ಈಕಿಗೆ. ಮೂಗಿಲ್ಲದಾಕಿ!"

ಹೆಂಗಸರೆಲ್ಲ ನಕ್ಕರು. ನಾನು ಮೊಣಕಾಲಿನಿಂದ ಕೈ ತೆಗೆದೆ. ಅವ್ವ ಹೆದರಿ ಹಾಗೆ ಅಂದಳೆಂದು ಈಗ ಯಾರು ಬೇಕಾದರೂ ಹೇಳಬಹುದು. ನನಗೂ ಆಗಲೇ ಗೊತ್ತಿತ್ತು. ಗೊತ್ತಿದ್ದೂ ಸಿಟ್ಟು ಬಂದಿತು. ಇಪ್ಪತ್ತೈದು ವರ್ಷ ಆಕೆಗೆ ಮೂಗಾದವಳು ನಾನು. ಎರಡು ಮಕ್ಕಳ ತಾಯಿ, ಊರ ಹೆಂಗಸರ ನಡುವೆ ಮೂಗಿಲ್ಲದವಳಾದೆ. ಸಿಟ್ಟು ನನಗೆ ಬೇಗ ಬರುತ್ತದೆ, ಬಂದರೆ ಬೇಗ ಹೋಗುವುದಿಲ್ಲ. ಅದು ಅವ್ವನಿಂದ ಬಂದದ್ದಲ್ಲ, ಅಜ್ಜಿಯದು.

ಮುಂದಿನ ಬೇಸಿಗೆ ಅವ್ವ ಫೋನು ಮಾಡಿದಳು. "ಯಾವಾಗ ಬರತೀ?" ಮಕ್ಕಳ ಪರೀಕ್ಷೆ ಎಂದೆ. ಪರೀಕ್ಷೆ ಮುಗಿದು ವಾರವಾಗಿತ್ತು. "ಹಂಗಾರ ಮುಂದಿನ ವಾರ?" ನೋಡೋಣ ಎಂದೆ. ಮೂರನೆಯ ಸಲ ಆಕೆ ಬಾ ಎನ್ನಲಿಲ್ಲ. "ಹುರದ ಬಿಡತೇನಿ, ಬಿಸಲ ಹೋಗತೈತಿ," ಅಂದಳು. ಕಾಲುನೋವೆಂದು ಹೇಳಿ ಓಣಿಯ ಮನೆಗಳಿಗೆ ಹೋಗದೆ, ತನ್ನ ಮನೆಯ ಖಾರವೊಂದನ್ನೇ ಮಾಡಿದಳಂತೆ. ಉಡಿಯ ಕೊಬ್ಬರಿ ಡಬ್ಬಿಯಲ್ಲಿ ಹೇಗಿತ್ತೋ ಹಾಗೆಯೇ ಬಾಣಲೆಗೆ ಬಿದ್ದಿರಬೇಕು. ಎಡಕ್ಕೆ ಯಾವುದು, ಬಲಕ್ಕೆ ಯಾವುದು ಎಂದು ಹೇಳುವವರು ಇರಲಿಲ್ಲ.

ತಮ್ಮ ಕೆಲಸದ ಮೇಲೆ ನಮ್ಮ ಕಡೆ ಬಂದವನು ನನ್ನ ಪಾಲಿನ ಡಬ್ಬಿ ಕೊಟ್ಟುಹೋದ. ಮುಚ್ಚಳ ತೆಗೆದೆ. ಕೌಟು. ಮೆಣಸಿನಕಾಯಿ, ಬೆಳ್ಳುಳ್ಳಿ ಎಲ್ಲದರ ಮೇಲೆ, ಹಳೆಯ ಎಣ್ಣೆಯ ಆ ವಾಸನೆ. ಬಾಯಿಗೆ ಹಾಕಬೇಕಾಗಿಯೂ ಇರಲಿಲ್ಲ. ಸಂಜೆಗೇ ಅವ್ವನ ಫೋನು ಬಂತು.

"ಡಬ್ಬಿ ಮುಟ್ಟಿತೇನು? ಹೆಂಗೈತಿ?"

"ನನಗ ಮೂಗಿಲ್ಲಲ್ಲ, ನನ್ನನ್ಯಾಕ ಕೇಳತಿ?" ಎಂದೆ.

ಅವ್ವ ಸಣ್ಣ ದನಿಯಲ್ಲಿ, "ಹಂಗಲ್ಲ. ಹೇಳು."

"ಚೊಲೋ ಆಗೈತಿ."

"ಖರೆ ಹೇಳತೀ?"

"ಖರೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆಗ ನನಗೆ ಒಡೆದ ಸಪ್ಪಳವೂ ಕೇಳಿಸಲಿಲ್ಲ. ಡಬ್ಬಿಯನ್ನು ಅಟ್ಟಕ್ಕೆ ಎಸೆದು ನನ್ನ ಕೆಲಸ ನೋಡಿಕೊಂಡೆ. ತಿನ್ನಲಿ, ಕೆಟ್ಟಿದೆ ಎಂದು ತಮ್ಮ ಹೇಳಲಿ, ಸೊಸೆ ಹೇಳಲಿ, ನನಗೇನು ಎಂಬ ಲೆಕ್ಕ.

ಮರುವರ್ಷ ಅವ್ವ ಖಾರಕ್ಕೆ ಬಾ ಎಂದು ಫೋನು ಮಾಡಲಿಲ್ಲ. ನಾನೇ ಕೇಳಿದರೆ, "ಈಗ ಯಾರ ಮಾಡತಾರ, ಎಲ್ಲಾರೂ ಪಾಕೀಟ ತರತಾರ," ಅಂದಳು. ನಂಬಿದೆ. ನಂಬುವುದು ಸುಲಭವಿತ್ತು. ಹಬ್ಬಕ್ಕೆಂದು ಹೋದಾಗ ಅವ್ವ ಪಡಸಾಲೆಯಲ್ಲಿ ಗೋಡೆಗೆ ಒರಗಿ ಶೇಂಗಾ ಸುಲಿಯುತ್ತ ಕೂತಿದ್ದಳು. ಅಡುಗೆಮನೆಯಲ್ಲಿ ಸೊಸೆ ಒಬ್ಬಳೇ. ವಯಸ್ಸಾಯಿತು, ದಣಿದಿದ್ದಾಳೆ ಎಂದುಕೊಂಡೆ. ಆ ಚಳಿಗಾಲದಲ್ಲಿ ಒಂದು ಬೆಳಗ್ಗೆ ಅವ್ವ ಏಳಲಿಲ್ಲ. ಮಣ್ಣು ಮಾಡಿ ಬಂದ ಮೂರನೆಯ ದಿನ, ನನ್ನ ಮನೆಯಲ್ಲಿ ಶೇಂಗಾ ಹುರಿಯುತ್ತಿದ್ದಾಗ, ಮೊಣಕಾಲು ಮೊದಲ ಸಲ ಒತ್ತಿತು.

ಈ ವರ್ಷ ಹಿರಿಯರಿಗೆ ಎಡೆ ಹಿಡಿಯುವ ಅಮಾವಾಸ್ಯೆಗೆ ನಾಗನೂರಿಗೆ ಹೋಗಿದ್ದೆ. ಅವ್ವನ ಎಡೆಗೆ ಏನೇನು ಮಾಡುವುದೆಂದು ತಮ್ಮನ ಹೆಂಡತಿ ಕೇಳಿದಳು. ಎಣ್ಣೆಗಾಯಿ ನಾನು ಮಾಡುತ್ತೇನೆ ಎಂದೆ. ಖಾರಕ್ಕೆ ಕೈ ಚಾಚಿದಾಗ ಅಲಮಾರಿಯಲ್ಲಿ ಹಿಂದೆ ಅವ್ವನ ಕರಿ ಭರಣಿ ಕಂಡಿತು. ಮುಚ್ಚಳ ತೆಗೆದೆ. ತಳದಲ್ಲಿ ಒಂದು ಹಿಡಿಯಷ್ಟು ಉಳಿದಿತ್ತು. ಅದೇ ಕೌಟು.

"ಇದನ್ನ ಯಾಕ ಇಟ್ಟೀ ಇನ್ನೂ?"

"ಚೆಲ್ಲಾಕ ಮನಸ ಬರಲಿಲ್ರಿ ಅಕ್ಕಾರ," ಎಂದು ಆಕೆ ಬದನೆಕಾಯಿ ಸೀಳುತ್ತಲೇ ಹೇಳಿದಳು. "ಆ ವರ್ಷ ಖಾರ ಕಲಸಿ ನಿಮಗ ಡಬ್ಬಿ ಕಳಿಸಿದ್ರಲ್ಲ, ನಿಮಗ ಫೋನ್ ಮಾಡೂತನಾ ಅತ್ತಿ ಈ ಭರಣಿ ಮುಚ್ಚಳಾ ತಗೀಲಿಲ್ಲ. ವರ್ಷಾ ಕೊಡೂವಂಗ ಮನಿಮನಿಗೆ ಒಂದೊಂದು ಬಟ್ಟಲಾ ಹೊಸಾ ಖಾರ ಯಾವಾಗ ಕೊಡೂದ್ರಿ ಅಂತ ನಾ ಕೇಳಿದ್ರ, 'ತಡಿ, ನನ್ನ ಮಗಳು ಹೇಳಲಿ' ಅಂದ್ರು. ನೀವು ಚೊಲೋ ಆಗೈತಿ ಅಂದ್ರಿ. ಮರದಿನಾ ಹೊಸ ಸೀರಿ ಉಟ್ಟು, ಎಂಟ ಮನಿಗೆ ತಾವ ಹೋಗಿ ಕೊಟ್ಟ ಬಂದ್ರು."

ನಾನು ಭರಣಿಯನ್ನು ಮತ್ತೊಮ್ಮೆ ಮೂಗಿನ ಹತ್ತಿರ ಒಯ್ದೆ.

"ನನಗೂ ವಾಸನಿ ಬಂದಿತ್ರಿ. ಆದ್ರ ಅತ್ತಿ ಖಾರಕ್ಕ ಸೊಸಿ ಹೆಸರಿಡಾಕ ಆಕ್ಕೈತೇನ್ರಿ? ಅದೂ ನೀವು ಚೊಲೋ ಅಂದಮ್ಯಾಲೆ. ನಾಕ ದಿನಾ ಬಿಟ್ಟು ಕಸಾ ಚೆಲ್ಲಾಕ ನನ್ನ ಜೋಡಿ ತಿಪ್ಪಿಗೆ ಬಂದಿದ್ರು. ತಿಪ್ಪಿ ಮ್ಯಾಲೆ ಕೊಟ್ಟ ಖಾರ ಕೆಂಪಗ ಬಿದ್ದಿತ್ತರಿ, ಅಲ್ಲೊಂದಿಷ್ಟು, ಇಲ್ಲೊಂದಿಷ್ಟು. ನೋಡಕೋತ ನಿಂತ್ರು. ಮನಿಗೆ ಬಂದು ಒಂದ ಮಾತ ಅಂದ್ರು. 'ಓಣಿಯವರ ಬಾಯಿ ಕೆಟ್ಟಾವು. ನನ್ನ ಮಗಳು ಸುಳ್ಳ ಹೇಳೂದಿಲ್ಲ' ಅಂತ. ಆಮ್ಯಾಲೆ ಯಾರೂ ಹದಾ ನೋಡಾಕ ಕರೀಲಿಲ್ರಿ. ನಮಗೆಲ್ಲಾ ಪಾಕೀಟ ತರಸಿ, ತಮ್ಮ ರೊಟ್ಟಿಗೆ ಮಾತ್ರ ಈ ಭರಣಿದ ಹಾಕ್ಕೊಂಡು ಉಣ್ಣತಿದ್ರು. ಕಡೀತನಾ."

ಅವ್ವ ನನ್ನ ಮಾತು ನಂಬಿದ್ದಳೋ, ನನ್ನ ಸುಳ್ಳನ್ನು ಮುಚ್ಚಿದಳೋ, ನನಗೆ ತಿಳಿಯುವುದಿಲ್ಲ. ಯಾವುದಾದರೂ ನನ್ನ ಪಾಲಿಗೆ ಒಂದೇ. ಇಪ್ಪತ್ತೈದು ವರ್ಷ ನಾನು ಕಾಯ್ದ ಅವ್ವನ ಮಾನವನ್ನು ಒಂದು ಫೋನಿನಲ್ಲಿ ತಿಪ್ಪೆಗೆ ಚೆಲ್ಲಿದ್ದೆ.

ಎರಡು ಎಣ್ಣೆಗಾಯಿ ಮಾಡಿದೆ. ಎಡೆಗೆ ಒಳ್ಳೆಯ ಖಾರದ್ದು. ಇನ್ನೊಂದು ಸಣ್ಣ ಪಾತ್ರೆಯಲ್ಲಿ, ಭರಣಿಯ ತಳ ಕೆರೆದು ಹಾಕಿದ್ದು, ನನಗೆ. ಎಡೆ ಹಿಡಿದು, ಎಲ್ಲರೂ ಉಂಡು ಎದ್ದ ಮೇಲೆ ಅವ್ವನ ಫೋಟೋದ ಮುಂದೆ ಒಬ್ಬಳೇ ರೊಟ್ಟಿಯ ಬುಟ್ಟಿ ಇಟ್ಟುಕೊಂಡು ಕೂತೆ. ಮೊದಲ ತುತ್ತಿಗೇ ಬಾಯಿ ತುಂಬ ಕೌಟು. ನುಂಗಿದೆ. ಇದನ್ನು ಆಕೆ ದಿನಾ ಉಂಡಿದ್ದಾಳೆ.

"ಅವ್ವಾ, ಕೌಟಾಗೈತಿ," ಎಂದೆ.

ಮೊಣಕಾಲು ಒತ್ತಿತು. ಎರಡು ಸಲ.

"ಡಬ್ಬಿ ತಗದಾಗನ ಗೊತ್ತಾಗಿತ್ತು. ಸಿಟ್ಟಿನಾಗ ಸುಳ್ಳ ಹೇಳಿದ್ನಿ."

ಮತ್ತೆ ಎರಡು ಸಲ. ಇನ್ನೂ ಆಗಿಲ್ಲ.

ತಮ್ಮನ ಹೆಂಡತಿ ಬಾಗಿಲಲ್ಲಿ ಬಂದು ನಿಂತಳು. "ಯಾರ ಜೋಡಿ ಮಾತಾಡಾಕತ್ತೀರಿ ಅಕ್ಕಾರ?" ನಾನು ಆಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಒಂದು ಕೈ ರೊಟ್ಟಿಯ ಬುಟ್ಟಿಯ ಮೇಲಿಟ್ಟೆ, ಹತ್ತು ವರ್ಷದವಳಿದ್ದಾಗ ಇಟ್ಟ ಹಾಗೆಯೇ, ಮತ್ತು ಆಣೆ ಮುರಿದೆ. ಉಕ್ಕಿದ ಹಾಲಿನಿಂದ ಹಿಡಿದು ಎಲ್ಲ ಹೇಳಿದೆ. ಅವ್ವನ ಹದ ಕೆಟ್ಟಿರಲಿಲ್ಲ, ಕೆಟ್ಟದ್ದು ನಾನು, ಇದನ್ನು ಓಣಿಯ ಎಂಟೂ ಮನೆಗೆ ಹೋಗಿ ಹೇಳು ಎಂದೆ. ಆಕೆ ಹೋಗಿ ಹೇಳಿದಳಂತೆ. ಮುದುಕಿಯರು ಅತ್ತರಂತೆ.

ಈಗ ನಿಮ್ಮ ಮುಂದೆಯೂ ಹೇಳಿದೆ. ಹೇಳಿ ಮುಗಿಸಿದಾಗಲೆಲ್ಲ ಸ್ವಲ್ಪ ಹೊತ್ತು ಎಡಗಾಲು ಅಲುಗಿಸದೆ ಕೂರುತ್ತೇನೆ, ಸಾಕು ಎನ್ನುವ ಆ ಒಂದು ಒತ್ತಿಗಾಗಿ. ಅದು ಇನ್ನೂ ಬಂದಿಲ್ಲ.